ಭಾನುವಾರ ಗೊತ್ತಿದ್ದ ಒರತೆ

ನನ್ನ ಒರತೆಗೆ ಭಾನುವಾರ ಗೊತ್ತಾಗುತ್ತದೆ. ಈ ಚಿಂತೆಯನ್ನು ಯಾರ ಹತ್ತಿರವೂ ಆಡಿರಲಿಲ್ಲ. ದಿನಚರಿಯಲ್ಲಿ ಬರೆದುಕೊಂಡದ್ದೂ ಪೆನ್ಸಿಲ್ಲಿನಲ್ಲಿ, ಬೇಕೆಂದಾಗ ಅಳಿಸಲು ಬರಲಿ ಎಂದು.

ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಓದಲು ಬಂದ ಊರ ಹಿಂದಿನ ಗುಡ್ಡದ ಬುಡದಲ್ಲಿ, ಎರಡು ಬಂಡೆಗಳ ಸಂದಿನಿಂದ, ಮಣಿಕಟ್ಟಿನಷ್ಟು ದಪ್ಪಗೆ ನೀರು ಬರುತ್ತದೆ. ಮಳೆಗಾಲ, ಬೇಸಿಗೆ ಎಂಬ ಭೇದ ಅದಕ್ಕಿಲ್ಲ. ಈ ಒರತೆಯ ಮೇಲೆ ಡಾಕ್ಟರೇಟ್ ಮಾಡಲು ನನಗೊಂದು ಅಂತರರಾಷ್ಟ್ರೀಯ ಫೆಲೋಶಿಪ್ ಸಿಕ್ಕಿತ್ತು. ಅಂದರೆ ನೀರು ಬೀಳುವುದನ್ನು ನೋಡುತ್ತ ಕೂರಲಿ ಎಂದು ನನ್ನನ್ನು ವಿಮಾನದಲ್ಲಿ ಕರೆಸಿಕೊಂಡಿದ್ದರು. ಒರತೆಯ ಬಾಯಿಗೆ ನಾನೊಂದು ಮೀಟರ್ ಕೂರಿಸಿದ್ದೆ. ಎಷ್ಟು ನೀರು ಬಂತೆಂದು ಅದು ಹಗಲೂ ರಾತ್ರಿ ತಾನೇ ಅಳೆದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಕೇಳಿದರಷ್ಟೇ ಹೇಳುತ್ತದೆ, ಕೇಳದಿದ್ದರೆ ಇಲ್ಲ. ಸ್ವಭಾವದಲ್ಲಿ ನನಗೆ ತಂಗಿಯಾಗಬೇಕು.

ಆ ಮೀಟರಿನ ಪ್ರಕಾರ ದಿನಾ ಬೆಳಿಗ್ಗೆ ಒರತೆಯ ನೀರು ಇಳಿಯುತ್ತದೆ, ಹೊತ್ತೇರಿದಂತೆ ಮತ್ತೆ ಮೊದಲಿನಂತಾಗುತ್ತದೆ. ಭಾನುವಾರ ಮಾತ್ರ ಇಳಿತ ತಡ. ಮುಸುಕು ಹೊದ್ದು ಮಲಗಿದವರ ಹಾಗೆ, ಬಿಸಿಲು ಕಿಟಕಿಗೆ ಬಂದ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಶುರುವಾಗುತ್ತದೆ. ಮೀಟರಿನ ಗಡಿಯಾರ ಕೆಟ್ಟಿದೆ ಎಂದುಕೊಂಡೆ. ಬದಲಾಯಿಸಿದೆ. ಹೊಸ ಗಡಿಯಾರಕ್ಕೂ ಭಾನುವಾರ ಗೊತ್ತಿತ್ತು.

ಬಂಡೆಗೆ ವಾರದ ರಜೆ ಕೊಟ್ಟವರು ಯಾರು?

ಇದನ್ನು ಕೇಳಬೇಕಾದದ್ದು ನನ್ನ ಗೈಡ್ ಮೇಡಂ ಹತ್ತಿರ. ಆದರೆ ಬೆಳಗಿನ ಇಳಿತವನ್ನು ಮೊದಲು ಕಂಡವರೇ ಅವರು. ನಮ್ಮ ವಿಭಾಗದ ಮೊಗಸಾಲೆಯಲ್ಲಿ, ನೀರು ಕಾಯಿಸುವ ಯಂತ್ರದ ಮೇಲ್ಗಡೆ, ಅವರ ಹಳೆಯ ಫೋಟೋ ಇದೆ. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಒರತೆಗೆ ಬಕೆಟ್ ಒಡ್ಡಿ, ಮುಖದ ತುಂಬ ನಗುತ್ತಿರುವ ಹುಡುಗಿ. ಆ ಹುಡುಗಿಗೆ ಈಗ ತಲೆ ಪೂರ್ತಿ ನರೆತಿದೆ, ನಗು ಅದೇ. ಅವರ ಮೊದಲ ಪ್ರಬಂಧ ಈ ಒರತೆಯದು, ನಿವೃತ್ತಿಗೆ ಮುಂಚಿನ ಕೊನೆಯ ವಿದ್ಯಾರ್ಥಿನಿ ನಾನು. ನಾನು ಬಂದ ದಿನವೇ ಎದುರು ಕೂರಿಸಿಕೊಂಡು ಹೇಳಿದ್ದರು:

"ಸಮುದ್ರಕ್ಕೆ ಉಬ್ಬರ ಇಳಿತ ಇದೆಯಲ್ಲಮ್ಮ, ಹಾಗೇ ನೆಲಕ್ಕೂ ಇದೆ. ಚಂದ್ರ ಎಳೆದಾಗ ಬಂಡೆ ಒಂಚೂರು ಹಿಗ್ಗುತ್ತೆ, ಬಿಟ್ಟಾಗ ಕುಗ್ಗುತ್ತೆ. ಬಿರುಕಿನೊಳಗಿರೋ ನೀರು ಅದರ ಜೊತೆಗೇ ಇಳಿಯುತ್ತೆ, ಏರುತ್ತೆ. ಭೂಮಿ ಉಸಿರಾಡೋದನ್ನ ಕಣ್ಣಲ್ಲಿ ನೋಡಬೇಕಂದ್ರೆ ನಮ್ಮ ಒರತೆ ನೋಡಬೇಕು. ಅಲ್ವೇನಮ್ಮ?"

"ಹೌದು ಮೇಡಂ," ಎಂದೆ.

ಈ ಎರಡು ಶಬ್ದಗಳ ಮೇಲೆಯೇ ನನ್ನ ಸಂಶೋಧನೆ ನಿಂತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಗಾದೆಯಲ್ಲಿ ಕೇಳಿದ್ದೀರಲ್ಲ, ನಾನು ಇನ್ನೂ ಒಂದು ಹೆಜ್ಜೆ ಮುಂದೆ. ಹಗ್ಗ ತಂದು ಕೊಟ್ಟು, ಕರುವಿಗೆ ಏನು ಹೆಸರಿಡೋಣ ಎಂದು ಕೇಳುವವಳು.

ಚಂದ್ರನ ಮಾತು ಸುಳ್ಳಲ್ಲ, ಎಷ್ಟೋ ಬಾವಿಗಳಲ್ಲಿ ಹಾಗೆ ಆಗುತ್ತದೆ. ತೊಂದರೆ ಏನೆಂದರೆ ಚಂದ್ರ ದಿನದಿಂದ ದಿನಕ್ಕೆ ತಡವಾಗಿ ಹುಟ್ಟುವವನು. ಇಳಿತ ಅವನ ಕೈವಾಡವಾದರೆ ಅದೂ ದಿನದಿಂದ ದಿನಕ್ಕೆ ಸರಿಯುತ್ತ ಹೋಗಬೇಕು. ನಮ್ಮದು ಸರಿಯುತ್ತಿರಲಿಲ್ಲ. ಆಫೀಸಿಗೆ ಹೋಗುವವರ ಹಾಗೆ ಸರಿಯಾದ ಹೊತ್ತಿಗೆ ಹಾಜರಾಗುತ್ತಿತ್ತು. ನನಗಿಂತ ಮುಂಚಿನವರೆಲ್ಲ ಬಕೆಟ್ ಹಿಡಿದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದವರು. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಹೆಚ್ಚು ಎಂದು ಬರೆದರು, ಚಂದ್ರನಿಗೆ ಒಪ್ಪಿಸಿದರು. ಭಾನುವಾರ ಅಳೆದವರು ಒಬ್ಬರೂ ಇಲ್ಲ. ಪಾಪ, ಸಂಶೋಧಕರಿಗೂ ಮನೆ ಮಠ, ಒಗೆಯುವ ಬಟ್ಟೆ ಇರುತ್ತವೆ. ಹೀಗೆ ತಲೆಮಾರುಗಟ್ಟಲೆ ವಿದ್ಯಾವಂತರು ಸೇರಿ, ವಾರದಲ್ಲಿ ಒಂದು ದಿನ ಒರತೆ ಏನು ಮಾಡುತ್ತದೆಂದು ನೋಡದೆ ಬಿಟ್ಟಿದ್ದರು.

ನಾನು ನೋಡಿದ್ದು ಜಾಣತನದಿಂದಲ್ಲ. ಭಾನುವಾರ ಎಲ್ಲರೂ ಒಟ್ಟಿಗೆ ಹೊರಗೆ ಹೋಗೋಣ ಎಂದು ಜೊತೆಯವರು ಕರೆಯುತ್ತಿದ್ದರು. ನಾಲ್ಕು ಜನರ ನಡುವೆ ಕೂತು ಏನು ಮಾತಾಡುವುದು ಎಂಬ ದಿಗಿಲಿಗೆ, "ಮೀಟರ್ ನೋಡ್ಕೊಂಡು ಬರಬೇಕು" ಎಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನೆಪ ಹೇಳಿದ ಮೇಲೆ ನೋಡಬೇಕಲ್ಲ, ನೋಡಿದೆ. ನನ್ನ ಬದುಕಿನ ಒಂದೇ ಒಂದು ವೈಜ್ಞಾನಿಕ ಶೋಧ ನಾಚಿಕೆಯಿಂದ ಆದದ್ದು.

ನನ್ನ ರೂಮ್‌ಮೇಟ್ ಬೇರೆ ದೇಶದವಳು, ಅದೇ ಫೆಲೋಶಿಪ್. ಕಡಲ ಪಕ್ಕದ ಬಾವಿಗಳಿಗೆ ಉಪ್ಪುನೀರು ಹೇಗೆ ನುಗ್ಗುತ್ತದೆ ಎಂಬುದು ಅವಳ ವಿಷಯ. ಅದಕ್ಕೇ ಎಲ್ಲರೂ ಅವಳನ್ನು ಉಪ್ಪು ಎನ್ನುತ್ತಿದ್ದರು. ಎಲ್ಲದರಲ್ಲೂ ಅವಳಿರಬೇಕು, ಇದ್ದಾಗ ಗೊತ್ತಾಗಲೂಬೇಕು. ಅವಳು ನನಗಿಟ್ಟ ಹೆಸರು ತೊಟ್ಟು. ತೊಟ್ಟು ತೊಟ್ಟಾಗಿ ಮಾತಾಡುತ್ತೇನಂತೆ.

ನಮ್ಮ ರೂಮು ಮೂರನೇ ಮಹಡಿಯಲ್ಲಿ. ಬೆಳಿಗ್ಗೆ ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತಿತ್ತು, ಕೆಲವು ದಿನ ಅದೂ ಇಲ್ಲ.

"ಏ ತೊಟ್ಟು, ಬಾ ಇಲ್ಲಿ, ನಲ್ಲಿ ನೋಡು. ಥೇಟ್ ನಿನ್ನ ಹಾಗೇ ಇದೆ."

"ಹೇಗೆ?"

"ಬಾಯಿ ತೆರೆದಿದೆ, ಒಂದು ಮಾತು ಬರ್ತಿಲ್ಲ."

ಅಂತರ್ಜಲದ ಇಬ್ಬರು ಭಾವೀ ಡಾಕ್ಟರುಗಳು ಕೈಯಲ್ಲಿ ಬ್ರಶ್ಶು, ಬಾಯಿ ತುಂಬ ನೊರೆ ತುಂಬಿಕೊಂಡು, ಕೆಳಮನೆಯವರ ನಲ್ಲಿಗೆ ಬಕೆಟ್ ಹಿಡಿದು ಇಳಿಯುತ್ತಿದ್ದೆವು. ಕೆಳಮನೆಯ ಆಂಟಿ ದಿನಾ ಒಂದೇ ಮಾತು: "ನೀರಿನ ಬಗ್ಗೆ ಓದೋ ಹುಡುಗೀರು ನೀವೇ ಅಲ್ವಾ? ಇನ್ನೂ ಸಿಕ್ಕಿಲ್ವಾ?"

ಮನೆಯಲ್ಲಿ ನನ್ನ ಕೀರ್ತಿಯೇ ಬೇರೆ. ಅಮ್ಮ ಫೋನಿನಲ್ಲಿ, "ಚಿಕ್ಕಪ್ಪ ಹಿತ್ತಲಿನ ಫೋಟೋ ಕಳಿಸಿದಾರೆ, ನೋಡ್ದ್ಯಾ? ಬೋರ್ ಎಲ್ಲಿ ಕೊರೆಸ್ಬೇಕು ಅಂತ ಹೇಳ್ಬೇಕಂತೆ" ಎಂದಳು.

"ಅಮ್ಮಾ, ಫೋಟೋ ನೋಡಿ ಹೇಳಕ್ಕಾಗಲ್ಲ."

"ಅಷ್ಟೂ ಗೊತ್ತಾಗಲ್ಲ ಅಂದ್ರೆ ಅಷ್ಟು ದೂರ ಯಾಕೇ ಹೋದೆ? ಅವರೆದುರಿಗೆ ನನ್ನ ಮರ್ಯಾದೆ ಏನಾಗ್ಬೇಕು?"

ಅಮ್ಮನ ಮರ್ಯಾದೆಗಾಗಿ ಫೋಟೋದಲ್ಲಿ ಕಂಡ ಗೋಡೆಯ ಮೂಲೆ ತೋರಿಸಿದೆ. ಬೇರೆಲ್ಲ ಕಡೆ ಬಟ್ಟೆ ಒಣಹಾಕಿದ್ದರು, ಅಲ್ಲಿ ಖಾಲಿ ಇತ್ತು, ಅಷ್ಟೇ ನನ್ನ ಶಾಸ್ತ್ರ. ದುರದೃಷ್ಟಕ್ಕೆ ಅಲ್ಲಿ ನೀರು ಬಂತು. ಅಂದಿನಿಂದ ನೆಂಟರ ಹಿತ್ತಲುಗಳೆಲ್ಲ ನನ್ನ ಫೋನಿನಲ್ಲಿವೆ.

ಒಂದು ದಿನ ಬೆಳಿಗ್ಗೆ ನಲ್ಲಿ ಪೂರ್ತಿ ನಿಂತಿತು. ನಮ್ಮದಷ್ಟೇ ಅಲ್ಲ, ಆಂಟಿಯದು, ಎದುರು ಮನೆಯದು, ಇಡೀ ಊರಿನದು. ದೊಡ್ಡ ಟ್ಯಾಂಕಿನ ಹತ್ತಿರ ಏನೋ ರಿಪೇರಿ, ಸಂಜೆಯವರೆಗೆ ನೀರಿಲ್ಲ ಎಂದು ನೀರು ಸರಬರಾಜಿನ ಜೀಪು ಕೂಗಿಕೊಂಡು ಹೋಯಿತು.

"ಹೋಗೇ," ಎಂದಳು ಉಪ್ಪು, ಎರಡು ಕ್ಯಾನು ನನ್ನ ಕೈಗೆ ತುರುಕುತ್ತ. "ಸ್ವಂತ ಒರತೆ ಇಟ್ಕೊಂಡು ಸ್ನಾನ ಇಲ್ಲದೆ ಕೂತ್ರೆ ನಗ್ತಾರೆ. ನಾನು ಬರ್ತಿದ್ದೆ, ಆದ್ರೆ ನನ್ನ ವಿಷಯ ಉಪ್ಪುನೀರು ನೋಡು."

ಒರತೆಯ ಹತ್ತಿರ ಒಬ್ಬ ಅಜ್ಜಿ ಇದ್ದರು. ದಿನಾ ಬರುವವರೇ. ಎರಡು ಬಾಟಲಿ ನೀರು ಹಿಡಿದು, ಮೊಣಕಾಲಿಗೆ ಒಂದು ಬೊಗಸೆ ತಟ್ಟಿಕೊಂಡು ಹೋಗುತ್ತಾರೆ. "ನಲ್ಲಿ ನೀರು ಬಾಯಿಗಿಡಕ್ಕಾಗಲ್ಲ ಮಗಳೇ, ಬರೀ ಔಷಧಿ ವಾಸನೆ. ಇದು ಅಮೃತ" ಎನ್ನುವುದು ಅವರ ದಿನದ ಮಾತು. ಅಂದು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ಕಾಯುತ್ತಿದ್ದಂತಿತ್ತು.

"ಬಾ ಬಾ. ಏನು ಮಾಡಿಟ್ಟಿದ್ದೀಯ ನೋಡು."

ನೋಡಿದೆ. ಮಣಿಕಟ್ಟಿನಷ್ಟು ಬರುತ್ತಿದ್ದ ನೀರು ಬಂಡೆಯ ಗಲ್ಲದ ಮೇಲೆ ಕಣ್ಣೀರಿನ ಹಾಗೆ ಇಳಿಯುತ್ತಿತ್ತು. ನೋಡುತ್ತಿದ್ದಂತೆಯೇ ಅದೂ ನಿಂತಿತು.

"ನಾನೇನೂ ಮಾಡಿಲ್ಲ ಅಜ್ಜಿ."

"ಹುಟ್ಟಿದಾಗಿಂದ ನೋಡ್ತಿದೀನಿ ಅಂತ ನಾನು ಹೇಳಲ್ಲ, ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ. ಒಂದು ದಿನಾನೂ ಹೀಗೆ ಒಣಗಿದ್ದಿಲ್ಲ. ನೀನು ಆ ಡಬ್ಬಿ ಇಟ್ಟೆ, ಅದಕ್ಕೆ ದಿಗಿಲಾಯ್ತು. ಹಗಲೂ ರಾತ್ರಿ ಯಾರಾದ್ರೂ ನಿನ್ನ ಬಾಯಿಗೆ ಡಬ್ಬಿ ಹಿಡಿದ್ರೆ ನೀನು ಮಾತಾಡ್ತೀಯಾ?"

ಹಿಡಿಯದಿದ್ದರೂ ಮಾತಾಡುವುದಿಲ್ಲ ಎಂದು ಅಜ್ಜಿಗೆ ಹೇಳಲಿಲ್ಲ. ಖಾಲಿ ಕ್ಯಾನುಗಳ ಮೇಲೆ ಕೂತೆ. ಅಜ್ಜಿ ಬೈದು ಬೈದು ಸಾಕಾಗಿ ಹೋದರು. ನಾನು ಅಲ್ಲೇ ಕೂತಿದ್ದೆ, ಹೊತ್ತು ಇಳಿಯುವವರೆಗೂ. ಸಂಜೆ ಕೆಳಗಿನ ಬೀದಿಯಿಂದ ಒಬ್ಬ ಹೆಂಗಸಿನ ಕೂಗು ಕೇಳಿತು: "ಬಂತು, ನೀರು ಬಂತು!" ಮನೆಮನೆಯಲ್ಲೂ ಬಕೆಟ್ಟುಗಳ ಸದ್ದೆದ್ದಿತು. ಸ್ವಲ್ಪ ಹೊತ್ತಿಗೆ ಬಂಡೆಯ ಗಂಟಲಲ್ಲಿ ಗೊರ್ ಎಂದಿತು, ಒಂದು ಬೊಗಸೆ ಕೆಸರು ಉಗುಳಿತು, ಆಮೇಲೆ ತಿಳಿಯಾಗಿ, ಏನೂ ಆಗಿಲ್ಲವೆಂಬಂತೆ, ಅಮೃತ ಬಂತು.

ಎದ್ದು ಬಂಡೆಯ ಮೇಲ್ಗಡೆ ರಸ್ತೆಗೆ ಹತ್ತಿದೆ. ಅಲ್ಲಿ ನಮ್ಮ ವಿಭಾಗದವರು ನೆಟ್ಟ ಬೋರ್ಡಿದೆ: 'ನೈಸರ್ಗಿಕ ಒರತೆ. ದೀರ್ಘಕಾಲದ ಅಧ್ಯಯನದ ಸ್ಥಳ.' ಬೋರ್ಡಿನ ಬುಡದಲ್ಲಿ ಹುಲ್ಲು ಸರಿಸಿದರೆ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ, ನೀರು ಸರಬರಾಜಿನವರದು. ಬಗ್ಗಿ ಕಿವಿಯಿಟ್ಟೆ. ಒಳಗೆ ಸುಯ್ಯೆಂದು ನೀರು ಓಡುತ್ತಿತ್ತು, ಒಂದು ಕಡೆ ಚಿಮ್ಮುವ ಸದ್ದೂ ಇತ್ತು. ಗುಡ್ಡ ಅಗೆದು ಇಲಿ ಹಿಡಿದರಂತೆ. ನಾವು ಗುಡ್ಡ ಅಗೆಯದೆ, ಇಲಿಯ ಬಿಲದ ಮೇಲೆಯೇ ಬೋರ್ಡು ನೆಟ್ಟಿದ್ದೆವು.

ಆಮೇಲೆ ಎಲ್ಲವೂ ತಾನಾಗಿ ಕೂಡಿಕೊಂಡಿತು. ಊರಿಗೆ ಹೋಗುವ ದೊಡ್ಡ ಪೈಪು ಒಡೆದಿದೆ, ಎಷ್ಟು ಕಾಲದಿಂದಲೋ. ಸೋರಿದ ನೀರು ಮಣ್ಣಿನೊಳಗೆ ಇಳಿದು, ಔಷಧಿ ವಾಸನೆ ಕಳೆದುಕೊಂಡು, ಬಂಡೆಯ ಸಂದಿನಿಂದ ಒರತೆಯಾಗಿ ಬರುತ್ತದೆ. ಬೆಳಿಗ್ಗೆ ಊರೆಲ್ಲ ಒಟ್ಟಿಗೆ ಸ್ನಾನ ಮಾಡುತ್ತದೆ, ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಸೋರುವುದೂ ಕಡಿಮೆಯಾಗುತ್ತದೆ. ಇದೇ ಭೂಮಿಯ ಉಸಿರು. ಭಾನುವಾರ ಊರು ತಡವಾಗಿ ಏಳುತ್ತದೆ, ಅದಕ್ಕೇ ಉಸಿರೂ ತಡ. ನೀರು ಸಾವಿರಾರು ವರ್ಷ ಹಳೆಯದು, ಬಹಳ ಆಳದ್ದು ಎಂದು ಮೇಡಂ ಪರೀಕ್ಷೆ ಮಾಡಿಸಿ ಬರೆದದ್ದು ಸುಳ್ಳೇನಲ್ಲ. ಊರಿಗೆ ನೀರು ಬರುವುದೇ ಗುಡ್ಡದಾಚೆಯ ಆಳವಾದ ಕೊಳವೆಬಾವಿಗಳಿಂದ. ಅಷ್ಟು ಹಳೆಯ ನೀರು, ಕೊನೆಯ ಸ್ವಲ್ಪ ದೂರ ಮಾತ್ರ ಪೈಪಿನಲ್ಲಿ ಬಂದಿದೆ, ವಯಸ್ಸಾದವರು ಬಸ್ ಸ್ಟಾಪಿನಿಂದ ಆಟೋ ಹಿಡಿದಂತೆ.

ಇನ್ನೂ ಒಂದು ಹೊಳೆಯಿತು. ಒರತೆಯಲ್ಲಿ ಬರುವುದು ಮೂರನೇ ಮಹಡಿಗೆ ಏರಬೇಕಿದ್ದ ನೀರು. ನಾನು ಇಲ್ಲಿಗೆ ಬಂದಾಗಿನಿಂದ ಅಳೆದು, ಗ್ರಾಫು ಬರೆದು, ಗೌರವದಿಂದ ಅಧ್ಯಯನ ಮಾಡುತ್ತಿರುವುದು ನನ್ನದೇ ಸ್ನಾನದ ನೀರನ್ನು.

ಅಂದು ಕ್ಯಾನು ತುಂಬಿಸಿಕೊಂಡು ಬಂದೆ. ಉಪ್ಪು ಕೇಳಿದಳು, "ಏನೇ, ಮುಖ ಹೀಗಿದೆ? ಒರತೆ ಸಿಕ್ತಾ?"

"ಸಿಕ್ತು," ಎಂದೆ.

ಹೇಳಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಹೇಳುವವಳು ನಾನು ಎಂಬುದೇ ತೊಂದರೆ. ಫೆಲೋಶಿಪ್ ಕಡೆಯಿಂದ ಇಬ್ಬರು ಅತಿಥಿಗಳು ಬರುವವರಿದ್ದರು. ನನ್ನ ಕೆಲಸ ನೋಡಿ, ಉಳಿದ ಅವಧಿಗೆ ನನ್ನನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ನನ್ನ ವಿಷಯದ ಹೆಸರು 'ಒರತೆಯೊಂದರಲ್ಲಿ ಭೂಮಿಯ ಉಸಿರು.' ಹೇಳಿದರೆ ವಿಷಯವಿಲ್ಲ, ವಿಷಯವಿಲ್ಲದಿದ್ದರೆ ಫೆಲೋಶಿಪ್ಪಿಲ್ಲ, ಗಂಟುಮೂಟೆ ಕಟ್ಟಿ ಊರಿಗೆ ಹೋಗಿ ನೆಂಟರ ಹಿತ್ತಲು ನೋಡುವುದೇ. ಅದನ್ನೂ ನುಂಗಬಹುದಿತ್ತು. ಮೊಗಸಾಲೆಯ ಫೋಟೋದ ಆ ಹುಡುಗಿಗೆ ಹೇಗೆ ಹೇಳುವುದು, ಬಕೆಟ್ ಕೆಳಗಿಡಿ, ಅದು ನಲ್ಲಿ ನೀರು ಎಂದು?

ಹೇಳದಿದ್ದರೆ? ಚಂದ್ರನ ಮೇಲೆ ಪ್ರಬಂಧ ಬರೆದು, ಪೈಪಿನ ಡಾಕ್ಟರಾಗಿ, ಜೀವಮಾನವಿಡೀ ಭಾನುವಾರ ಬಂದರೆ ಬೆಚ್ಚಿಬೀಳುತ್ತಿರಬೇಕು. ಬಿಸಿ ತುಪ್ಪ, ನುಂಗಲಾಗದು, ಉಗುಳಲಾಗದು. ನಾನು ಅದನ್ನು ಬಾಯಲ್ಲಿಟ್ಟುಕೊಂಡು ತಿರುಗಿದೆ.

ಆದರೂ ಧೈರ್ಯ ಮಾಡಿ ಒಂದು ದಿನ ಮೇಡಂ ರೂಮಿಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕುತ್ತಿದ್ದರು.

"ಬಾಮ್ಮ. ನಿನ್ನೇ ಕರೆಸ್ಬೇಕು ಅಂತಿದ್ದೆ."

"ಮೇಡಂ, ಭಾನುವಾರ…"

"ಓಹೋ, ನಿನಗೆ ಆಗಲೇ ಗೊತ್ತಾಯ್ತಾ? ಹೌದಮ್ಮ, ಅತಿಥಿಗಳ ವಿಮಾನ ತಡವಂತೆ. ಶುಕ್ರವಾರ ಬದಲು ಭಾನುವಾರ. ನನಗಂತೂ ಒಳ್ಳೇದೇ ಆಯ್ತು ಅನ್ನಿಸ್ತು. ಆಫೀಸಲ್ಲಿ ಕೂರಿಸಿ ಗ್ರಾಫ್ ತೋರಿಸೋದು ಬೇಡ. ಬೆಳಿಗ್ಗೇನೇ ಒರತೆ ಹತ್ರ ಕರ್ಕೊಂಡು ಹೋಗೋಣ. ಅವರ ಕಣ್ಣೆದುರಿಗೇ ನೀರು ಇಳಿಯಲಿ. ಭೂಮಿ ಉಸಿರಾಡೋದನ್ನ ಎಷ್ಟು ಜನ ನೋಡಿದಾರೆ ಹೇಳು?"

"ಭಾನುವಾರಾನಾ ಮೇಡಂ?"

"ಯಾಕಮ್ಮ, ಚಂದ್ರನಿಗೆ ರಜೆನಾ?"

ಮೇಡಂ ಜೋರಾಗಿ ನಕ್ಕರು. ನಾನೂ ನಕ್ಕೆ. ನನ್ನ ಆ ನಗು ಕೇಳಿ ನನಗೇ ಒಂದು ಬಾರಿಸಬೇಕೆನಿಸಿತು. ನಕ್ಕ ಮೇಲೆ ಅವರ ಕನ್ನಡಕ ಹಣೆಯ ಮೇಲಿದೆ ಎಂದೂ ಹೇಳಬೇಕಿತ್ತು. ಅದನ್ನೂ ಹೇಳದೆ ಹೊರಗೆ ಬಂದೆ.

ಅಂದಿನಿಂದ ಬಚ್ಚಲಿನಲ್ಲಿ ಅಭ್ಯಾಸ ಶುರುವಾಯಿತು. ಬಾಗಿಲು ಹಾಕಿಕೊಂಡು ಬಕೆಟ್ಟಿನ ಎದುರು ನಿಂತು ಹೇಳುವುದು. ಮೊದಲ ದಿನ: "ಮೇಡಂ, ಒರತೆಯ ಮೂಲದ ಬಗ್ಗೆ ಇನ್ನೊಂದು ಸಾಧ್ಯತೆಯನ್ನೂ ಪರಿಶೀಲಿಸಬಹುದೇನೋ ಎಂದು ಕೆಲವರಿಗೆ ಅನ್ನಿಸುವ ಸಂಭವ ಇರಬಹುದು." ಬಕೆಟ್ಟಿಗೇ ಅರ್ಥವಾಗಲಿಲ್ಲ. ಎರಡನೆಯ ದಿನ: "ಮೇಡಂ, ಒರತೆಗೂ ಊರಿನ ಜನಜೀವನಕ್ಕೂ ಗಾಢವಾದ ಸಂಬಂಧವಿದೆ." ಇದು ನಿಜ, ಆದರೆ ಇದಕ್ಕೆ ಮೇಡಂ ಕಣ್ಣೊರೆಸಿಕೊಂಡು, 'ಎಷ್ಟು ಚೆನ್ನಾಗಿ ಹೇಳಿದೆ ಕಣಮ್ಮ' ಎಂದುಬಿಡುತ್ತಾರೆ.

ಉಪ್ಪು ಬಾಗಿಲು ಬಡಿದಳು. "ಯಾರ ಜೊತೆ ಮಾತಾಡ್ತಿದೀಯಾ?"

"ಬಕೆಟ್ ಜೊತೆ."

"ನನ್ನ ಜೊತೆ ಇಷ್ಟುದ್ದ ಯಾವತ್ತೂ ಮಾತಾಡಿಲ್ಲ ನೀನು. ಬೇಗ ಮುಗಿಸು, ಆಮೇಲೆ ಕೆಳಗೆ ಹೋಗಿ ನೀರು ಕೇಳೋಣ."

ಶನಿವಾರ ಅಮ್ಮ ಫೋನು ಮಾಡಿದಳು. ನಾಳೆ ದೊಡ್ಡವರೆಲ್ಲ ಬರುತ್ತಾರೆಂದು ಅವಳಿಗೆ ಗೊತ್ತಿತ್ತು.

"ತಲೆ ಎತ್ಕೊಂಡು ಮಾತಾಡು. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ."

"ಅಮ್ಮಾ, ಮಾತಾಡಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ ಅಂದ್ರೆ?"

"ಮಾತಾಡದೇ ಇದ್ರೆ ಆಗಲ್ವಾ? ನೀನು ಚಿಕ್ಕೋಳಿದ್ದಾಗ ಕಾಲಿಗೆ ಮುಳ್ಳು ಚುಚ್ಚಿದ್ದನ್ನ ಹೇಳದೆ ಕೀವಾಗೋವರೆಗೂ ಇಟ್ಕೊಂಡಿದ್ದೆ. ನನ್ನ ನಿದ್ದೆ ಕೆಟ್ಟಿದ್ದು ಮುಳ್ಳಿಂದ ಅಲ್ಲ ಕಣೇ." ಅದೇ ಉಸಿರಿನಲ್ಲಿ ಅಮ್ಮ, "ಅಂದಹಾಗೆ ನಿನ್ನ ಸೋದರತ್ತೆಯವರೂ ಒಂದು ಫೋಟೋ ಕಳಿಸ್ತಾರಂತೆ" ಎಂದಳು.

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ನಾಯಿಯೂ ಎದ್ದಿರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು, ಪರದೆಗಳು ಎಳೆದಿದ್ದವು. ಒಂದೇ ಒಂದು ಬಚ್ಚಲಿನಲ್ಲಾದರೂ ದೀಪ ಕಂಡೀತೇ ಎಂದು ಮನೆಮನೆ ನೋಡುತ್ತ ಹೋದೆ. ಏಳಿ, ಸ್ನಾನ ಮಾಡಿ, ಒಂದು ದಿನ ಬೇಗ ಎದ್ದರೆ ಏನು ಗಂಟು ಹೋಗುತ್ತದೆ ಎಂದು ಎಲ್ಲರ ಬಾಗಿಲೂ ತಟ್ಟಬೇಕೆನಿಸಿತು. ನಮ್ಮ ಮೂರನೇ ಮಹಡಿಯ ನಲ್ಲಿಯಲ್ಲಿ ಅಂದು ನೀರು ಭೋರ್ಗರೆದಿತ್ತು.

ಅತಿಥಿಗಳಲ್ಲಿ ಒಬ್ಬರು ಊರುಗೋಲು ಹಿಡಿದ ಹಿರಿಯರು, ಇನ್ನೊಬ್ಬರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಹೆಂಗಸು. ಮೇಡಂ ಹೊಸ ಶಾಲು ಹೊದ್ದಿದ್ದರು. ಕೆಸರಿನಲ್ಲಿ ಅತಿಥಿಗಳ ಬೂಟು ಹಾಳಾಗದಿರಲೆಂದು ತಾವೇ ಮುಂಚೆ ಬಂದು ಹಲಗೆ ಹಾಕಿಸಿದ್ದರು. ನಾನು ಮೀಟರಿನ ಪಕ್ಕ, ಅದರ ಅಕ್ಕನ ಹಾಗೆ, ಬಾಯಿ ಮುಚ್ಚಿಕೊಂಡು ನಿಂತೆ. ಉಪ್ಪು ನನ್ನ ಹಿಂದೆ.

ಮೇಡಂ ಮಾತಾಡಿದರು. ಬಂಡೆ, ಬಿರುಕು, ಚಂದ್ರ, ಬಕೆಟ್ ಹಿಡಿದ ಹುಡುಗಿ. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ನಿಜ ಗೊತ್ತಿದ್ದ ನನಗೂ ಚಂದ್ರನದೇ ಇರಬಹುದೇನೋ ಎನಿಸಿಬಿಟ್ಟಿತು. ಹಿರಿಯರು ಬಗ್ಗಿ ಬೊಗಸೆ ನೀರು ಕುಡಿದು, "ಆಹಾ!" ಎಂದರು.

"ಇನ್ನೇನು, ನೋಡ್ತಾ ಇರಿ," ಎಂದರು ಮೇಡಂ, ಗಡಿಯಾರ ನೋಡಿಕೊಳ್ಳುತ್ತ. "ಈಗ ಇಳಿಯೋಕೆ ಶುರುವಾಗುತ್ತೆ."

ಎಲ್ಲರೂ ನೋಡಿದೆವು. ನೀರು ಮಣಿಕಟ್ಟಿನಷ್ಟೇ ದಪ್ಪಗೆ, ಧಾರಾಳವಾಗಿ, ಬೀಳುತ್ತಿತ್ತು. ಹೆಂಗಸು ಕ್ಯಾಮೆರಾ ಎತ್ತಿ ಹಿಡಿದರು, ಕೈ ನೋವಾಗಿ ಇಳಿಸಿದರು, ಮತ್ತೆ ಎತ್ತಿದರು. ಹಿರಿಯರು ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಮೇಡಂ ಇನ್ನೊಮ್ಮೆ ಗಡಿಯಾರ ನೋಡಿದರು, ಕಿವಿಗೆ ಹಿಡಿದರು. ಒರತೆ ಇಳಿಯುವ ಮನಸ್ಸು ಮಾಡಲಿಲ್ಲ.

"ಕೆಲವು ಸಲ ಒಂಚೂರು ಹಿಂದೆ ಮುಂದೆ ಆಗುತ್ತೆ," ಎಂದರು ಮೇಡಂ. ಅವರ ದನಿ ಮೊದಲಿನ ಹಾಗಿರಲಿಲ್ಲ.

ಹಿರಿಯರು ಮೆತ್ತಗೆ ಕೇಳಿದರು, "ಚಂದ್ರ ಹಿಂದೆ ಮುಂದೆ ಆಗ್ತಾನಾ?"

ಯಾರೂ ನಗಲಿಲ್ಲ, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಹಿಂದಿನಿಂದ ಉಪ್ಪು ನನ್ನ ಬೆನ್ನಿಗೆ ಬೆರಳಿನಿಂದ ತಿವಿದಳು. "ಏ ತೊಟ್ಟು, ಏನಾದ್ರೂ ಹೇಳೇ. ಮೀಟರ್ ಕೆಟ್ಟಿದೆ ಅನ್ನು. ಮೋಡ ಅನ್ನು. ಪಾಪ ಕಣೇ ಮೇಡಂ."

ಮೋಡ ಎನ್ನಲು ಬಾಯಿ ತೆರೆದೆ. ಅಷ್ಟು ಸುಲಭವಾಗಿ ಒಂದು ಮಾತು ನನ್ನ ನಾಲಿಗೆಯ ತುದಿಗೆ ಯಾವತ್ತೂ ಬಂದಿರಲಿಲ್ಲ. ಒಂದು ಮೋಡ, ಅಷ್ಟೇ. ಮೇಡಂ ಮಾನ ಉಳಿಯುತ್ತದೆ, ನನ್ನ ಫೆಲೋಶಿಪ್ ಉಳಿಯುತ್ತದೆ, ಮುಂದಿನ ಭಾನುವಾರದ ಚಿಂತೆ ಮುಂದಿನ ಭಾನುವಾರಕ್ಕೆ.

ಆಗ ಮೇಡಂ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಮುಖದಲ್ಲಿ. ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸುತ್ತ, ಅತಿಥಿಗಳನ್ನು ಮರೆತು, ನನ್ನೊಬ್ಬಳನ್ನೇ ಕೇಳುವ ಹಾಗೆ ಕೇಳಿದರು:

"ಯಾಕಮ್ಮ ಇಳೀಲಿಲ್ಲ?"

ಇಲ್ಲಿಗೆ ಬಂದಾಗಿನಿಂದ ಮೇಡಂ ನನ್ನನ್ನು ನೂರಾರು ಪ್ರಶ್ನೆ ಕೇಳಿದ್ದರು. ಅಲ್ವೇನಮ್ಮ, ಸರಿ ತಾನೇ, ಹೌದಲ್ವಾ. ಎಲ್ಲಕ್ಕೂ ಒಂದೇ ಉತ್ತರ ಸಾಕಾಗುತ್ತಿತ್ತು. ಈ ಪ್ರಶ್ನೆಗೆ ಹೌದು ಮೇಡಂ ಎಂದು ಹೇಳಲು ಬರುತ್ತಿರಲಿಲ್ಲ. ಪ್ರಯತ್ನಿಸಿಯೂ ನೋಡಿದೆ, ಒಳಗೊಳಗೇ. ಬರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಫೋಟೋದ ಹುಡುಗಿ ಬಕೆಟ್ ಹಿಡಿದು ಇದನ್ನೇ ಅಲ್ಲವೇ ಕೇಳುತ್ತಿದ್ದದ್ದು, ಯಾಕೆ ಎಂದು?

ಗಂಟಲಲ್ಲಿ ಗೊರ್ ಎಂದಿತು. ಮೊದಲು ಸ್ವಲ್ಪ ಕೆಸರು ಬಂತು: "ಅದು ಮೇಡಂ… ಅಂದ್ರೆ… ಏನಂದ್ರೆ ಮೇಡಂ…"

"ಹೇಳಮ್ಮ."

"ಇದು ಒರತೆ ಅಲ್ಲ ಮೇಡಂ, ಊರಿನ ನಲ್ಲಿ ನೀರು. ಮೇಲ್ಗಡೆ ಪೈಪು ಒಡೆದಿದೆ," ಎಂದೆ, ಅತಿಥಿಗಳಿಗೂ ಉಪ್ಪುವಿಗೂ ಕೇಳುವಷ್ಟು ಜೋರಾಗಿ. "ಇವತ್ತು ಭಾನುವಾರ. ಊರು ಇನ್ನೂ ಸ್ನಾನಕ್ಕೆ ಎದ್ದಿಲ್ಲ."